ಒಂದು ಸ್ಟಾರಿಗೆ ಕೊಟ್ಟ ಉತ್ತರ

"ಬರೆದಿದ್ದ ಉತ್ತರಾನ ಅಳಿಸಿಬಿಟ್ಟೆಯಲ್ಲ, ಇನ್ನೇನಕ್ಕಾ? ಮೂರೇ ಗಂಟೆ ಇದ್ದಿದ್ದು. ಯಾರು ನೋಡಿರ್ತಾರೆ?" ಎಂದ ತಮ್ಮ. ಬೋರ್ಡು ಬರೆಯುವ ಅಂಗಡಿಯವನು. ಅಕ್ಕನ ಆಪ್ತಸಮಾಲೋಚನೆ ಕೇಂದ್ರಕ್ಕೆ ಫೋನಿನಲ್ಲಿ, ಬಂದವರು ಸ್ಟಾರ್ ಕೊಟ್ಟು ಅಭಿಪ್ರಾಯ ಬರೆಯುವ ಪುಟ ಮಾಡಿಕೊಟ್ಟವನೂ ಅವನೇ.

ಯಾರು ನೋಡಿರುತ್ತಾರೆ ಎಂಬುದೇ ಅವಳ ಚಿಂತೆ. ಎದುರು ಬದುರಿನ ಎರಡು ಕುರ್ಚಿಗಳಲ್ಲಿ, ಬಂದವರು ಅಳುವ ಕುರ್ಚಿಯಲ್ಲಿ ಇವತ್ತು ಅವಳು ಕೂತಿದ್ದಳು.

ಜಾಹೀರಾತಿನ ವಿಷಯದಲ್ಲಿ ಅವಳು ಬಲು ಕಟ್ಟುನಿಟ್ಟು. ತಮ್ಮ ಬೋರ್ಡಿನಲ್ಲಿ ಸೇರಿಸಿದ್ದ 'ಖಚಿತ ಪರಿಹಾರ'ವನ್ನು ಎದುರಿಗೇ ನಿಂತು ಅಳಿಸಿಹಾಕಿಸಿದ್ದಳು. ಗುಣವಾದವರಿಂದ ನಾಲ್ಕು ಒಳ್ಳೆಯ ಮಾತು ಬರೆಸೋಣವೆಂದಾಗ ನಿಯಮದ ಪುಸ್ತಕವನ್ನೇ ಅವನ ಮೂಗಿಗೆ ಹಿಡಿದಿದ್ದಳು. ಇಂಥವರು ನಮ್ಮಲ್ಲಿಗೆ ಬಂದಿದ್ದರೆಂಬ ಸುಳಿವೂ ಕೊಡಬಾರದು ಎಂದು ಹೊಸಬರಿಗೆ ಪಾಠ ಹೇಳುವವಳೂ ಅವಳೇ. ಅಂಥ ಮಹಾತಾಯಿ ಒಂದು ಸ್ಟಾರ್ ಕಂಡು ಉರಿದುಬಿದ್ದಳು. 'ಹೇಳಿದ ಹೊತ್ತಿಗೆ ಬಾಗಿಲು ತೆಗೆಯುವುದಿಲ್ಲ. ದಂಡ.' ಬರೆದವನು ಶಾಲೆಯ ವ್ಯಾನ್ ಡ್ರೈವರ್, ಹೆಸರು ಫೋಟೋ ಸಮೇತ. ಸುಮ್ಮನಿದ್ದರೆ ತಪ್ಪು ಒಪ್ಪಿಕೊಂಡ ಹಾಗೆ ಎಂದು ತಮ್ಮ ಬೇರೆ ಕಿವಿಯೂದಿದ. ಅವಳು ಎಲ್ಲರಿಗೂ ಕಾಣುವಂತೆ ಬರೆದೇಬಿಟ್ಟಳು: 'ಸೇತುವೆ ಬಂದರೆ ಎದೆ ಹೊಡೆದುಕೊಂಡು ವ್ಯಾನ್ ನಿಲ್ಲಿಸುತ್ತಿದ್ದವರು ನೀವು. ಆರೇ ವಾರದಲ್ಲಿ ಸರಿಹೋದಿರಿ. ಅದನ್ನೂ ಬರೆಯಬಹುದಿತ್ತು.'

ಫೋನ್ ಬಡಿದುಕೊಂಡಿತು. ಗುರುತಿಲ್ಲದ ನಂಬರು.

"ನಾನು ಶಾಲೆಯ ಹೆಡ್‌ಮಿಸ್ಸು. ನಮ್ಮ ವ್ಯಾನ್ ಡ್ರೈವರು ನಿಮ್ಮ ಹತ್ರ ಬರ್ತಿದ್ರಂತೆ. ನೀವು ಬರೆದಿದ್ದನ್ನ ಒಬ್ರು ಪೇರೆಂಟ್ ಕಳಿಸಿದಾರೆ. ನಿಜಾನಾ?"

"ಯಾರು ಬರ್ತಾರೆ, ಯಾರು ಬರಲ್ಲ ಅಂತ ನಾನು ಹೇಳೋ ಹಾಗಿಲ್ಲ ಮೇಡಂ."

"ಬೇಡ, ಇಷ್ಟು ಹೇಳಿ. ಅವ್ರ ಗಾಡೀಲಿ ಮಕ್ಕಳನ್ನ ಕಳಿಸ್ಬೋದಾ?"

ಧಾರಾಳವಾಗಿ ಕಳಿಸಬಹುದಿತ್ತು. ಹೋದ ತಿಂಗಳು ಅವನ ಪಕ್ಕದ ಸೀಟಿನಲ್ಲಿ ಕೂತು ಆ ಸೇತುವೆಯನ್ನು ನಾಲ್ಕು ಸಲ ದಾಟಿದ್ದಳು. ಅವನ ಒಪ್ಪಿಗೆಯಿಲ್ಲದೆ ಅದನ್ನು ಹೇಳುವಂತಿರಲಿಲ್ಲ. "ಅದನ್ನೂ ಹೇಳೋ ಹಾಗಿಲ್ಲ ಮೇಡಂ," ಎಂದಳು.

"ಸರಿ, ಅರ್ಥ ಆಯ್ತು. ಅವ್ರನ್ನೇ ಕೇಳ್ತೀನಿ," ಎಂದು ಆಕೆ ಫೋನ್ ಇಟ್ಟರು.

ಬೆಳಗಿನಿಂದ ತನ್ನ ಪರವಾನಗಿ ಹೋದೀತೆಂದು ಹೆದರುತ್ತಿದ್ದವಳಿಗೆ ಈಗ ಅವನ ಮುಖ ಕಣ್ಣಿಗೆ ಕಟ್ಟಿತು. ಸೇತುವೆಯ ವಿಷಯವನ್ನು ಅವನು ಹೆಂಡತಿಗೂ ಹೇಳಿರಲಿಲ್ಲ. ಕೊನೇಪಕ್ಷ ತಾನು ಮಾಡಿದ್ದು ತನ್ನ ಬಾಯಿಂದಲೇ ಅವನಿಗೆ ಮೊದಲು ತಿಳಿಯಲಿ ಎಂದು ಅವನ ನಂಬರು ಒತ್ತಿದಳು.

"ಅಯ್ಯೋ ಮೇಡಂ, ನಾನೇ ಮಾಡ್ಬೇಕು ಅಂತಿದ್ದೆ!" ಹಿಂದೆ ನೀರು ಸುರಿಯುವ ಸದ್ದು, ವ್ಯಾನ್ ತೊಳೆಯುತ್ತಿದ್ದನೇನೋ. "ಅವತ್ತೇನೋ ಸಿಟ್ಟಲ್ಲಿ ಒಂದು ಸ್ಟಾರ್ ಒತ್ಬಿಟ್ಟೆ. ಬೇಜಾರು ಮಾಡ್ಕೋಬೇಡಿ, ಇವತ್ತೇ ಐದು ಮಾಡ್ತೀನಿ. ನನ್ನ ಕೆಲ್ಸ ಉಳಿದಿದ್ದೇ ನಿಮ್ಮಿಂದ."

"ಮೊದ್ಲು ನಾನು ಹೇಳೋದು ಕೇಳಿ. ನನ್ನಿಂದ ಒಂದು—"

"ಒಂದ್ನಿಮಿಷ ಇರಿ ಮೇಡಂ, ಸ್ಕೂಲಿಂದ ಬರ್ತಿದೆ. ತಗೊಂಡು ಬಂದೆ."

"ತಗೋಬೇಡಿ!"

ಅದು ಕೇಳಿಸಿದ್ದು ತಮ್ಮನಿಗೆ ಮಾತ್ರ. ಫೋನಿನಲ್ಲಿ ಆಗಲೇ ಯಾವುದೋ ಸಂಗೀತ ಟಿಣ್ ಟಿಣ್ ಎನ್ನತೊಡಗಿತ್ತು. ಅವಳು ಅದನ್ನು ಕಿವಿಗೆ ಒತ್ತಿ ಹಿಡಿದೇ ಇದ್ದಳು.