ಶಿವಮಲ್ಲಮ್ಮನ ಬಾಕಿ

"ನಿಮಗೆ ಟೋಕನ್ ಬರ್ತಾ ಇಲ್ಲ ತಾತ," ಎಂದಳು ಸೆಲ್ವಿ, ಕಂಪ್ಯೂಟರಿನಿಂದ ಕಣ್ಣು ತೆಗೆಯದೆ.

ಪುಟ್ಟಬಸಪ್ಪ ಗಾಜಿನ ಕಿಂಡಿಗೆ ಮುಖ ತಂದು ನಕ್ಕ. "ಬರ್ನಿಲ್ವಾ? ಇನ್ನೊಂದ್ಸಲ ಕರಿ ಕಣವ್ವ. ನಮ್ಮೂರ್ ಬಸ್ಸೇ ರೋಡಿಗೆ ಅಡ್ಡ ಮನಿಕ್ಕಂಡ್ರೂ ನಿಲ್ಲಲ್ಲ. ಇದು ಒಂದೇ ಸಲುಕ್ಕೆ ಬಂದುಬುಟ್ಟದಾ?"

ಹಿಂದೆ ಸಾಲಿನಲ್ಲಿ ನಿಂತಿದ್ದವರು ನಕ್ಕರು. ತಾಳವಾಡಿ ಬಸ್ ನಿಲ್ದಾಣದ ಹಿಂದಿನ ಆ ಖಾಸಗಿ ಆಸ್ಪತ್ರೆಯಲ್ಲಿ ನಗು ಅಪರೂಪ. ಆದರೆ ಪಣಕಹಳ್ಳಿಯ ಪುಟ್ಟಬಸಪ್ಪ ಬಂದ ದಿನ ಜ್ವರದವರೂ ಕಿವಿ ಕೊಡುತ್ತಿದ್ದರು. ಸುಳ್ಳು ಎಂದು ಗೊತ್ತಿದ್ದೂ ಜನ ಕೂತು ಕೇಳುವಂಥ ಸುಳ್ಳು ಅವನದು. ದಿಂಬಂನ ಟೀ ಅಂಗಡಿಯಲ್ಲಿ ಚಿರತೆಯೊಂದು ಬಂದು ಅವನ ಪಕ್ಕದ ಬೆಂಚಿನಲ್ಲಿ ಕೂತು, ಟೀಗೆ ಸಕ್ಕರೆ ಸಾಲದು ಎಂದು ಮುಖ ಗಂಟು ಹಾಕಿಕೊಂಡು ಎದ್ದು ಹೋದದ್ದನ್ನು ಅವನಲ್ಲದೆ ಬೇರೆ ಯಾರೂ ನೋಡಿರಲಿಲ್ಲ.

ಸೆಲ್ವಿ ನಗಲಿಲ್ಲ. "ಹಳೇ ಬಾಕಿ ತೋರಿಸ್ತದೆ ತಾತ. ಶಿವಮಲ್ಲಮ್ಮ ಅಂತ. ನಿಮ್ಮ ಫೋನ್ ನಂಬರಿಗೇ ಸೇರಿಸವ್ರೆ. ಅದು ಕಟ್ಟೋವರ್ಗೂ ಈ ನಂಬರಿಗೆ ಡಾಕ್ಟರ್ ನೋಡಲ್ಲ."

"ಅವ್ಳು ಇಲ್ಲ ಕಣವ್ವ. ಓಗಿ ವರ್ಸ ತುಂಬ್ತಾ ಬಂತು."

"ನಂಗೆ ಗೊತ್ತು ತಾತ. ಕಂಪ್ಯೂಟರಿಗೆ ಗೊತ್ತಿಲ್ಲ."

"ಅಂಗಾರೆ ಅದುಕ್ಕೂ ಒಂದು ಮಾತು ಏಳು. ಬಾಕಿ ಗೀಕಿ ಯಾವುದೂ ಇಲ್ಲ. ಎಲೆ ಆಕುಸಿ ಕೇಳಿದ್ದಾಯ್ತು."

ಸೆಲ್ವಿಗೆ ಅರ್ಥವಾಗಲಿಲ್ಲ. ಹಿಂದಿದ್ದವರು ಗೊಣಗತೊಡಗಿದರು. ಅವಳು ಕೈಬೀಸಿ ಒಳಗಿದ್ದ ಸೆಲ್ವರಾಜನನ್ನು ಕರೆದಳು.

ಪುಟ್ಟಬಸಪ್ಪನ ಎದೆ ಎರಡು ವರ್ಷದಿಂದ ಗಾಳಿ ಹಿಡಿಯುತ್ತಿರಲಿಲ್ಲ. ಬಾಯಿಗಿಟ್ಟು ಎಳೆಯುವ ಪಂಪು ಇದ್ದರೆ ದಿನ ಸಾಗುತ್ತಿತ್ತು. ಅದು ಮುಗಿದಾಗ ಡಾಕ್ಟರು ಎದೆಗೆ ಕೊಳವೆಯಿಟ್ಟು ನೋಡಿ ಚೀಟಿ ಬರೆಯುವರು. ಚೀಟಿ ತೋರಿಸಿದರೆ ಪಕ್ಕದ ಔಷಧಿ ಅಂಗಡಿಯಲ್ಲಿ ಹೊಸದು ಕೊಡುವರು. ಈಗ ಅವನ ಜೇಬಿನಲ್ಲಿದ್ದದ್ದನ್ನು ಒತ್ತಿದರೆ ಸಪ್ಪಳ ಬರುತ್ತಿತ್ತು, ಔಷಧಿ ಬರುತ್ತಿರಲಿಲ್ಲ.

ಸೆಲ್ವರಾಜ್ ಬಂದವನೇ ಅವನ ತೋಳು ಹಿಡಿದು ಮೆಟ್ಟಿಲ ಕೆಳಗಿನ ಬೆಂಚಿಗೆ ಕರೆದೊಯ್ದ. ಹಾಸನೂರು ಕಡೆಯ ಪೋಡಿನ, ಎಂದರೆ ಸೋಲಿಗರ ಹಾಡಿಯ, ಹುಡುಗ. ಓದಿಕೊಂಡು ಈ ಆಸ್ಪತ್ರೆಯ ಲೆಕ್ಕ ನೋಡಿಕೊಳ್ಳುವ ಮಟ್ಟಕ್ಕೆ ಬಂದವನು. ಪುಟ್ಟಬಸಪ್ಪನ ಹೆಂಡತಿ ಶಿವಮಲ್ಲಮ್ಮ ಇಲ್ಲಿ ಮಲಗಿದ್ದಾಗ ಅವಳಿಗೆ ಗಂಜಿ ತಂದುಕೊಟ್ಟವನೂ ಅವನೇ. ಕೊನೆಗೆ ಅವಳನ್ನು ಘಟ್ಟದ ಕೆಳಗೆ ಸಾಗಿಸಬೇಕೆಂದಾಗ, "ದುಡ್ಡಿನ ಮಾತು ಆಮೇಲೆ ಆಡಾಣ, ಮೊದ್ಲು ಕರ್ಕೊಂಡೋಗಿ ಯಜಮಾನ್ರೆ," ಎಂದು ಆಂಬುಲೆನ್ಸಿನ ಬಾಗಿಲು ಹಾಕಿದ್ದ. ಇಪ್ಪತ್ತೇಳು ತಿರುವು ಇಳಿದ ಮೇಲೆ ಅವಳಿಗೆ ಡಾಕ್ಟರು ಬೇಕಾಗಲಿಲ್ಲ.

"ಸೆಲ್ವರಾಜು, ಆ ಮಗೀಗೆ ಒಸಿ ಏಳು," ಎಂದ ಪುಟ್ಟಬಸಪ್ಪ. "ಗಣಾರಾಧನೆ ದಿನ ನೀನು ಬಂದಿದ್ದೆ. ಪಂಕ್ತೀಲಿ ಕುಂತಿದ್ದೆ. ಸ್ವಾಮ್ಯೋರು ಕೇಳುದ್ರು."

ಸೆಲ್ವರಾಜ್ ತಲೆ ತಗ್ಗಿಸಿದ.

ಪಣಕಹಳ್ಳಿಯಲ್ಲಿ ಅದೊಂದು ಕ್ರಮ. ಸತ್ತವರ ಗಣಾರಾಧನೆಯಲ್ಲಿ ಎಲೆ ಹಾಕಿ, ಅನ್ನ ಬಡಿಸಿದ ಮೇಲೆ, ಯಾರೂ ತುತ್ತು ಎತ್ತುವ ಮೊದಲು ಸ್ವಾಮಿಗಳು ಎದ್ದು ನಿಂತು ಕೇಳುತ್ತಾರೆ: ಹೋದವರ ಮೇಲೆ ಯಾರದಾದರೂ ಋಣ ಉಂಟೇ? ಇದ್ದರೆ ಈಗಲೇ ಬಾಯಿ ಬಿಡಬೇಕು. ಇದ್ದರೆ ಮನೆಯವರು ಆ ಎಲೆಯ ಮುಂದೆಯೇ ಒಪ್ಪಿಕೊಳ್ಳುತ್ತಾರೆ. ಯಾರೂ ಮಾತಾಡದೆ ಅನ್ನ ಮುಟ್ಟಿದರೆ ಅಲ್ಲಿಗೆ ಹರಿಯಿತು. ಹೋದವರು ಹಗುರಾಗಿ ಶಿವನ ಪಾದ ಸೇರಿದರು. ಆಮೇಲೆ ಯಾರೂ ಕೇಳುವಂತಿಲ್ಲ. ಶಿವಮಲ್ಲಮ್ಮನ ದಿನ ಊರಿನ ಜಂಗಮರಾದ ಪ್ರಭುಸ್ವಾಮಿಗಳು ಕೇಳಿದಾಗ ಪುಟ್ಟಬಸಪ್ಪನ ಕಣ್ಣು ನೇರ ಸೆಲ್ವರಾಜನ ಕಡೆಗೇ ಹೋಗಿತ್ತು. ಸೆಲ್ವರಾಜ್ ಎಲೆ ನೋಡುತ್ತ ಕೂತಿದ್ದ. ಆಮೇಲೆ ಅನ್ನ ಕಲಸಿದ. ಅದನ್ನು ಕಂಡು ಪುಟ್ಟಬಸಪ್ಪ ಕಂಬದ ಮರೆಗೆ ಹೋಗಿ ಟವಲಿನಿಂದ ಮುಖ ಒರೆಸಿಕೊಂಡಿದ್ದ.

"ನೀನು ಬಾಯಿ ಬುಡ್ನಿಲ್ಲ," ಎಂದ ಈಗ.

"ಎಂಗೆ ಬುಡ್ಲಿ ಯಜಮಾನ್ರೆ. ನಿಮ್ಮ ಗೌಡ್ರು, ಸ್ವಾಮ್ಯೋರು, ಅಷ್ಟು ಜನ ಕುಂತವ್ರೆ. ನಾನು ಪೋಡಿನವನು ಎದ್ದು ನಿಂತು, ಅಮ್ಮ ನಮ್ಮಾಸ್ಪತ್ರೆಗೆ ಕಾಸು ಕೊಡ್ಬೇಕು ಅನ್ನದಾ? ಅದೂ ಆಯಮ್ಮನ ಮನೇಲಿ, ಆಯಮ್ಮನ ಅನ್ನದ ಮುಂದೆ?"

"ಅಂಗಾರೆ ಇದ್ದುದ್ದು ನಿಜ."

"ಇದ್ದುದ್ದು ನಿಜ. ಇಷ್ಟು ದಿನ ನಾನೇ ಅದ ಮುಂದುಕ್ಕೆ ತಳ್ಳಿಕೊಂಡು ಬಂದೆ. ಈಗ ಕೊಯಮತ್ತೂರಿನ ಹೊಸ ಯಜಮಾನ್ರು ಬಂದವ್ರೆ. ಎಲ್ಲಾ ಅವ್ರು ಅಲ್ಲಿಂದ್ಲೇ ನೋಡ್ತಾರೆ. ನನ್ನ ಕೈಲಿ ಏನೂ ಇಲ್ಲ."

"ಡಾಕ್ಟ್ರ ಕಂಡು ಒಂದು ಮಾತು..."

"ಟೋಕನ್ ಇಲ್ದೆ ಒಳಕ್ಕೆ ಬುಟ್ರೆ ಅವರ್ನೂ ಕೇಳ್ತಾರೆ."

ಸೆಲ್ವರಾಜ್ ಬಾಕಿಯ ಮೊತ್ತ ಹೇಳಿದ. ಹಟ್ಟಿಯಲ್ಲಿದ್ದ ಹಸು, ಅದರ ಕರು, ಕರು ಮುಂದೆ ಹಾಕಬಹುದಾದ ಕರು, ಎಲ್ಲ ಮಾರಿದರೂ ಮುಟ್ಟದ ಮೊತ್ತ. ಪುಟ್ಟಬಸಪ್ಪ ಅದಕ್ಕೂ ಒಂದು ತಮಾಷೆ ಮಾಡಲು ಬಾಯಿ ತೆರೆದು, ಗಾಳಿ ಸಾಲದೆ ಮುಚ್ಚಿದ.

"ಊರಲ್ಲಿ ಏಳಿ ಯಜಮಾನ್ರೆ," ಎಂದ ಸೆಲ್ವರಾಜ್ ಮೆಲ್ಲಗೆ. "ಪ್ರಭುಸ್ವಾಮ್ಯೋರು ಒಂದು ಮಾತು ಅಂದ್ರೆ ಮನೆಮನೆಯಿಂದ ಎತ್ತಿ ಕೊಡ್ತಾರೆ. ನಿಮ್ಗೆ ಯಾರು ಇಲ್ಲ ಅಂತಾರೆ? ಇಲ್ದಿದ್ರೆ ಸರ್ಕಾರಿ ಆಸ್ಪತ್ರೆಗಾರೂ ಓಗಿ. ಇವತ್ತೇ ಓಗಿ. ಎದೆ ಸದ್ದು ನಂಗೇ ಕೇಳ್ತದೆ."

ಸರ್ಕಾರಿ ಆಸ್ಪತ್ರೆಯ ಔಷಧಿ ಕಿಟಕಿಯಲ್ಲಿ ಕೂರುವವಳು ಮಹಾದೇವಿ. ಪಣಕಹಳ್ಳಿಯವಳೇ, ಶಿವಮಲ್ಲಮ್ಮನ ಕೈತುತ್ತು ತಿಂದು ಬೆಳೆದವಳು. ಅಲ್ಲಿ ಬಿಟ್ಟು ಇಲ್ಲಿಗೆ ಯಾಕೆ ಬಂದೆ ಮಾವ ಎಂದು ಕೇಳುತ್ತಾಳೆ. ಇವನು ಏನಾದರೂ ಹೊಸೆದು ಹೇಳಿದರೆ ನಗುತ್ತ ಫೋನು ಎತ್ತಿ ಸೆಲ್ವಿಯನ್ನೇ ಕೇಳುತ್ತಾಳೆ. ಸಂಜೆ ಅವಳು ಬಸ್ಸಿಳಿದಾಗ ಶಿವಮಲ್ಲಮ್ಮನ ಋಣದ ವಿಷಯವೂ ಜೊತೆಗೇ ಇಳಿಯುತ್ತದೆ.

"ಓಯ್ತಿನಿ ಬುಡು," ಎಂದು ಪುಟ್ಟಬಸಪ್ಪ ಎದ್ದ. ಊರಿನ ಬಸ್ಸು ಹತ್ತಿದ.

ಮರುದಿನ ಪ್ರಭುಸ್ವಾಮಿಗಳ ಹೊಲದಲ್ಲಿ ಕೋಸು ಕೊಯ್ಲು. ಹೊಲದ ಬದಿಯ ತಗಡಿನ ಚಪ್ಪರದಲ್ಲಿ ಹೆಂಗಸರು ಕೂತು ಕೋಸಿನ ಹೊರಗಿನ ಎಲೆ ಕಿತ್ತು ಗುಡ್ಡೆ ಹಾಕುತ್ತಿದ್ದರು. ಮಧ್ಯಾಹ್ನ ಲಾರಿ ಬರುವುದಿತ್ತು. ಭಾರ ಹೊರಲಾಗದ ಪುಟ್ಟಬಸಪ್ಪನಿಗೂ ಅಲ್ಲೇ ಒಂದು ಗೋಣಿತಟ್ಟು ಹಾಕಿದ್ದರು. ಅವನಿಗೆ ಕೂಲಿ ಕೊಡುವುದು ಎಲೆ ಕೀಳಲಿಕ್ಕಲ್ಲ, ಬಾಯಿಗೆ ಎಂದು ಜೊತೆ ಕೂಲಿಯ ಪುಟ್ಟಮ್ಮ ಹೇಳುತ್ತಿದ್ದಳು. ಅವನು ಮಾತಾಡುತ್ತಿದ್ದರೆ ಹೆಂಗಸರ ಕೈ ಬೇಗ ಓಡುತ್ತಿತ್ತು.

ಆ ದಿನ ಅವನು ಸುಮ್ಮನಿದ್ದ.

"ಏನಣ್ಣ, ಬ್ಯಾಟ್ರಿ ಮುಗೀತಾ?" ಎಂದಳು ಪುಟ್ಟಮ್ಮ.

"ಚಾರ್ಜಿಗೆ ಆಕಿವ್ನಿ ಕಣವ್ವ."

ರಾತ್ರಿಯೆಲ್ಲ ಅವನು ಗೋಡೆಗೆ ಒರಗಿ ಕೂತೇ ಇದ್ದ. ಮಲಗಿದರೆ ಎದೆಯ ಮೇಲೆ ಯಾರೋ ಕೋಸಿನ ಮೂಟೆ ಇಟ್ಟಂತಾಗುತ್ತಿತ್ತು. ಮನೆಯಲ್ಲಿ ಮತ್ತೊಬ್ಬರಿದ್ದರೆ ಅದನ್ನೂ ಒಂದು ಕಥೆ ಮಾಡಿ ನಗಿಸಬಹುದಿತ್ತು. ಅವನ ಸುಳ್ಳುಗಳನ್ನೆಲ್ಲ ಮೊದಲು ಕೇಳುತ್ತಿದ್ದವಳು ಶಿವಮಲ್ಲಮ್ಮ. ನಗುತ್ತಿರಲಿಲ್ಲ. "ಚಿರತೆ ಅಲ್ಲಿಗಂಟ ಬರ್ಬೋದು, ಸಕ್ಕರೆ ಕೇಳದು ಬ್ಯಾಡ, ಬೆಲ್ಲ ಅನ್ನು," ಎಂದು ತಿದ್ದುತ್ತಿದ್ದಳು. ಮಕ್ಕಳಿಲ್ಲದ ಮನೆಯಲ್ಲಿ ಅವರಿಬ್ಬರೂ ಮೂವತ್ತು ವರ್ಷ ಹಾಗೆ ಸುಳ್ಳು ಸಾಕಿಕೊಂಡಿದ್ದರು. ಸಾಲದ ವಿಷಯದಲ್ಲಿ ಮಾತ್ರ ಅವಳಿಗೆ ತಮಾಷೆ ಇರಲಿಲ್ಲ. ಪಕ್ಕದ ಮನೆಯಿಂದ ಒಂದು ಲೋಟ ರಾಗಿಹಿಟ್ಟು ತಂದರೆ ಲೋಟ ಉಕ್ಕುವಂತೆ ತುಂಬಿ ವಾಪಸು ಕೊಡುವವಳು. ಆಸ್ಪತ್ರೆಯ ಮಂಚದ ಮೇಲೂ, "ಪಕ್ಕದ್ಮನೆ ಜರಡಿ ನಮ್ಮಟ್ಟೀಲೇ ಅದ, ಕೊಟ್ಟುಬುಡು," ಎಂದಿದ್ದಳು.

ಪ್ರಭುಸ್ವಾಮಿಗಳು ಬೈಕು ನಿಲ್ಲಿಸಿ ಚಪ್ಪರಕ್ಕೆ ಬಂದರು. ಹೆಂಗಸರು ಸೆರಗು ಸರಿಮಾಡಿಕೊಂಡರು. ಅವರು ಕೋಸಿನ ರಾಶಿ ನೋಡಿ, ಪುಟ್ಟಬಸಪ್ಪನ ಎದುರು ಬಂದು ನಿಂತರು.

"ಬಸಪ್ಪ, ನೆನ್ನೆ ಆಸ್ಪತ್ರೆಗೆ ಓಗಿದ್ದೆಯಂತೆ. ಏನಂದ್ರು?"

"ಓಗಿದ್ದೆ ಬುದ್ದಿ."

"ಮೊಕ ಬಾಡದೆ. ಏನಾರಾ ಇದ್ರೆ ಏಳು ಮತ್ತೆ. ನಾವೆಲ್ಲ ಯಾಕಿದ್ದೀವಿ?"

ಹೆಂಗಸರ ಕೈ ನಿಂತಿತು. ಪುಟ್ಟಬಸಪ್ಪ ಮಡಿಲಲ್ಲಿದ್ದ ಕೋಸನ್ನು ತಿರುಗಿಸಿದ. ಹೇಳುವ ಮಾತು ದೊಡ್ಡದೇನಲ್ಲ. ಬುದ್ದಿ, ಅಲ್ಲಿ ಇವಳದೊಂದು ಬಾಕಿ ಉಳಿದದೆ. ಅಷ್ಟೆ. ಅಷ್ಟು ಹೇಳಿದರೆ ನಾಳೆಯೇ ಇವರು ಜೊತೆಯಲ್ಲಿ ಬರುತ್ತಾರೆ. ಜೇಬಿನಲ್ಲಿ ಹೊಸ ಪಂಪು ಇರುತ್ತದೆ.

"ಆಸ್ಪತ್ರೇಲಿ ಬುದ್ದಿ, ಒಂದು ವಿಸ್ಯ ನಡೀತು," ಎಂದು ಶುರುಮಾಡಿದ.

"ಶುರುವಾಯ್ತು ನೋಡಿ," ಎಂದಳು ಪುಟ್ಟಮ್ಮ. ಆಗಲೇ ಎಲ್ಲರ ಮುಖದಲ್ಲೂ ನಗು ಬಂದು ಕಾಯುತ್ತಿತ್ತು.

ಪ್ರಭುಸ್ವಾಮಿಗಳೂ ನಕ್ಕರು. "ತಡಿ, ನಿನ್ನ ಕಥೆಗೆ ಮುಂಚೆ ನನ್ನ ಮಾತು ಮುಗಿಸ್ಬುಡ್ತೀನಿ. ಬರೋ ಸೋಮವಾರಕ್ಕೆ ಶಿವಮಲ್ಲಮ್ಮಂಗೆ ವರ್ಸ. ಗದ್ದುಗೆ ಪೂಜೆಗೆ ನಾನೇ ಬತ್ತೀನಿ, ನೀನು ಏನೂ ಕೊಡ್ಬ್ಯಾಡ." ಹೆಂಗಸರ ಕಡೆ ತಿರುಗಿದರು. "ಪುಣ್ಯಾತಗಿತ್ತಿ ಕಣ್ರವ್ವ. ನಾನು ಎಷ್ಟೋ ಮನೇಲಿ ಎಲೆ ಮುಂದೆ ನಿಂತು ಕೇಳಿದ್ದೀನಿ. ನಮ್ಮಪ್ಪಾಜಿ ದಿನವೇ ಜನ ಎದ್ದು ನಿಂತು ಋಣ ಅದೆ ಅಂದ್ರು. ಒಂದು ಕೆಮ್ಮೂ ಕೇಳದಂಗೆ ಓದೋಳು ಅಂದ್ರೆ ಇವನ ಎಂಡ್ತಿ. ಎಷ್ಟು ಅಗುರಾಗಿ ಓದ್ಲು."

"ಊ ಬುದ್ದಿ," ಎಂದಳು ಪುಟ್ಟಮ್ಮ. "ಆಯಮ್ಮನಂಗೆ ಯಾರು ಓದಾರು."

"ಈಗ ಏಳಪ್ಪ. ಏನು ನಡೀತು?"

ಪುಟ್ಟಬಸಪ್ಪ ಕೋಸನ್ನು ಕೆಳಗಿಟ್ಟ. ಬೆನ್ನು ನೆಟ್ಟಗೆ ಮಾಡಿ ಕೂತ.

"ಡಾಕ್ಟ್ರು ಒಂದು ಕೊಳವೆ ಕೊಟ್ರು ಬುದ್ದಿ. ಊದು ಬಸಪ್ಪ, ಒಳಗೆ ಎಷ್ಟು ಗಾಳಿ ಅದೆ ನೋಡಾಣ ಅಂದ್ರು. ನಾನು ಮೆಲ್ಗೇ ಊದ್ದೆ. ಕಂಡೋರ ಆಸ್ಪತ್ರೆ, ಮುರುದೋದ್ರೆ ಯಾರು ಕಟ್ಟಿಕೊಡೋರು ಅಂತ. ಅಷ್ಟುಕ್ಕೇ ಗ್ವಾಡೇಲಿದ್ದ ಕ್ಯಾಲೆಂಡರು ಆಸಾಡ ಮಾಸ ಬುಟ್ಟು ಕಾರ್ತೀಕಕ್ಕೆ ಓಯ್ತು."

ಪುಟ್ಟಮ್ಮ ಬಾಯಿಗೆ ಸೆರಗು ಹಿಡಿದಳು.

"ಫ್ಯಾನು ಗಿರಗಿರ ತಿರುಗ್ತು. ಕರೆಂಟೇ ಇರ್ನಿಲ್ಲ." ಅವನು ಮಾತು ನಿಲ್ಲಿಸಿ ಉಸಿರೆಳೆದುಕೊಂಡ. ಕಥೆಯಲ್ಲಿ ಎಲ್ಲಿ ನಿಲ್ಲಿಸಬೇಕೆಂದು ಅವನಿಗೆ ಗೊತ್ತು ಎಂದುಕೊಂಡು ಎಲ್ಲರೂ ಕಾದರು. "ಆಚೆ ಬಸ್ ಸ್ಟ್ಯಾಂಡಲ್ಲಿ ಸತ್ತಿಮಂಗಲದ ಬಸ್ಸು ನಿಂತಿತ್ತು. ಡ್ರೈವರು ಟೀ ಕುಡಿತಾವ್ನೆ. ಬಸ್ಸು ತಾನೇ ತಾನಾಗಿ ಹಾಸನೂರು ಕಡೀಕೆ ಒಂಟೋಯ್ತು. ಕಂಡಕ್ಟ್ರು ಇಂದಿಂದೆ ಓಡ್ತಾನೆ, ಟಿಕೀಟು ಟಿಕೀಟು ಅಂತ."

ಪ್ರಭುಸ್ವಾಮಿಗಳು ಚಪ್ಪರದ ಗೂಟ ಹಿಡಿದು ನಕ್ಕರು.

"ಡಾಕ್ಟ್ರು ನಂಗೆ ಕೈ ಮುಗುದ್ರು ಬುದ್ದಿ. ಅಪ್ಪಾ, ನಿಂಗೆ ಇನ್ನೂ ಪಂಪು ಕೊಟ್ರೆ ನಮ್ಮ ಸೂರು ಉಳಿಯಲ್ಲ. ಇನ್ಮ್ಯಾಲೆ ಈ ಕಡೀಕೇ ಬರ್ಬ್ಯಾಡ ಅಂದ್ರು."

"ಬರ್ಬ್ಯಾಡ ಅಂದ್ಬುಟ್ರಾ?"

"ಅಂದ್ಬುಟ್ರು ಕಣವ್ವ."

ಚಪ್ಪರವೆಲ್ಲ ನಕ್ಕಿತು. ಪುಟ್ಟಬಸಪ್ಪನೂ ನಕ್ಕ. ನಗು ಅರ್ಧದಲ್ಲಿ ಕೆಮ್ಮಾಯಿತು, ಕೆಮ್ಮು ಸಿಳ್ಳಾಯಿತು. ಅವನು ಎರಡೂ ಕೈ ನೆಲಕ್ಕೂರಿ ಬಾಗಿದ. ಕಣ್ಣಲ್ಲಿ ನೀರು ಇಳಿಯಿತು. "ನೋಡ್ರವ್ವ, ತಾನು ಏಳಿದ್ದುಕ್ಕೆ ತಾನೇ ಎಂಗೆ ನಗ್ತಾನೆ," ಎಂದು ಪುಟ್ಟಮ್ಮ ಅವನ ಬೆನ್ನಿಗೆ ತಟ್ಟಿ ನೀರಿನ ಬಾಟಲಿ ಕೊಟ್ಟಳು. "ಸಾಕು ಕಣಣ್ಣ, ಕೋಸು ಉಳೀತದೆ, ಕೈ ಆಡ್ಸು." ಪ್ರಭುಸ್ವಾಮಿಗಳು ಇನ್ನೂ ನಗುತ್ತಲೇ ಬೈಕು ಹತ್ತಿ ಹೋದರು.

ಲಾರಿ ತುಂಬಿ ಹೊರಟಾಗ ಬಿಸಿಲು ತಣ್ಣಗಾಗಿತ್ತು. ಪುಟ್ಟಬಸಪ್ಪನ ಮನೆ ಊರಿನ ಮೇಲ್ಗಡೆ, ಕಾಡಿನಂಚಿಗೆ ಹೋಗುವ ಏರಿನ ಕೊನೆಗೆ. ಟವಲು ಹೆಗಲಿಗೆ ಹಾಕಿಕೊಂಡು ಹತ್ತತೊಡಗಿದ. ಮೊದಲ ಕರೆಂಟು ಕಂಬದ ಹತ್ತಿರ ನಿಂತ. ಎರಡನೆಯದರ ಹತ್ತಿರ ಬಂದಾಗ ಕಂಬಕ್ಕೆ ಕೈಕೊಟ್ಟು ತಲೆ ತಗ್ಗಿಸಿದ. ಕಣ್ಣಿಗೆ ರಸ್ತೆ ಬೆಳ್ಳಗೆ ಕಂಡಿತು.

ಹಿಂದಿನಿಂದ ಬೈಕು ಬಂತು. ಪಕ್ಕದ ಮನೆಯ ರಾಜಶೇಖರ್, ಹಿಂದೆ ಅವನ ಹೆಂಡತಿ ಶೈಲಶ್ರೀ, ನಡುವೆ ಸಂತೆಯ ಚೀಲ.

"ಏನ್ ಬಸಪ್ಪಣ್ಣ, ಇಲ್ಲಿ ನಿಂತ್ಬುಟ್ಟೆ? ಉಸಾರಿಲ್ವಾ?"

ಪುಟ್ಟಬಸಪ್ಪ ತಲೆ ಎತ್ತಿದ. ತುಟಿಯ ಮೇಲೆ ಬೆರಳಿಟ್ಟ. ಇನ್ನೊಂದು ಕೈಯನ್ನು ಮೆಲ್ಲಗೆ ಎತ್ತಿ ಎದುರಿನ ಕಾಡಿನ ಅಂಚು ತೋರಿಸಿದ.

ರಾಜಶೇಖರ್ ತಕ್ಷಣ ಬೈಕು ಆರಿಸಿದ. "ಆನೆಯಾ?" ಎಂದ ಪಿಸುದನಿಯಲ್ಲಿ.

ಪುಟ್ಟಬಸಪ್ಪ ತಲೆಯಾಡಿಸಿದ. ಮಾತಾಡಬೇಕಾಗಿರಲಿಲ್ಲ. ಶೈಲಶ್ರೀ ಚೀಲದ ಮೇಲಿಂದ ಕೈ ಎತ್ತಿ ಫೋನು ಹಿಡಿದಳು. ಪೊದೆ ಅಲುಗಲಿಲ್ಲ. ಒಂದು ಹಕ್ಕಿ ಕೂಗಿ ನಿಲ್ಲಿಸಿತು. ಮೂವರೂ ಅತ್ತಲೇ ನೋಡುತ್ತ ನಿಂತರು. ಅಷ್ಟು ಹೊತ್ತೂ ಅವನ ಕಡೆ ಯಾರೂ ನೋಡಲಿಲ್ಲ.

"ಎಲ್ಲಣ್ಣ, ಏನೂ ಕಾಣ್ನಿಲ್ವಲ್ಲ."

"ಇತ್ತು," ಎಂದ ಪುಟ್ಟಬಸಪ್ಪ. ಸ್ವಲ್ಪ ತಡೆದು, "ಒಳಕ್ಕೋಯ್ತು," ಎಂದ.

"ನಿನ್ನ ಆನೆ ತಾನೆ, ಕಾಣದು ನಿಂಗೊಬ್ಬನ್ಗೇ," ಎಂದು ಶೈಲಶ್ರೀ ನಕ್ಕಳು. ಬೈಕು ಮತ್ತೆ ಸದ್ದು ಮಾಡಿ ಏರು ಹತ್ತಿತು. ಅದರ ಕೆಂಪು ದೀಪ ತಿರುವಿನಲ್ಲಿ ಮರೆಯಾಗುವವರೆಗೂ ಅವನು ಕೈ ಇಳಿಸಲಿಲ್ಲ.

ಆಮೇಲೆ ಮುಂದಿನ ಕಂಬವನ್ನು ನೋಡಿದ.