ಡಿಕ್ಕಿಯ ಮೇಲೆ ಎರಡು ತಟ್ಟು

ಹೊಟ್ಟೆ ಕಾಣುತ್ತಿದೆ, ಹನ್ನೊಂದು ವರ್ಷ ಓಡಿಸಿದ ಕಾರಿನ ಹೊಟ್ಟೆ ಇಷ್ಟು ಕೊಳಕು ಎಂದು ಅವನಿಗೆ ಗೊತ್ತಾಗುತ್ತಿರುವುದೇ ಇವತ್ತು — ಮೇಲೆ ವಾರಕ್ಕೊಮ್ಮೆ ಒರೆಸಿ ಹೊಳೆಯಿಸುವ ಬಿಳಿ ಮೈ, ಅಡಿಯಲ್ಲಿ ಒಣಗಿದ ಕೆಸರು, ತುಕ್ಕು, ಜಿಡ್ಡು, ಮೇಲೆ ಥಳುಕು ಒಳಗೆ ಹುಳುಕು ಎಂದು ಹಿರಿಯರು ಹೇಳಿದ್ದು ಮನುಷ್ಯರನ್ನು ನೋಡಿಯೇ ಇರಬೇಕು, ಕಾರಿಗೇನು ಗೊತ್ತು ಪಾಪ, ಅದು ಎರಡು ಕಬ್ಬಿಣದ ತೋಳುಗಳ ಮೇಲೇರಿ ತನ್ನದೆಲ್ಲವನ್ನೂ ತೋರಿಸಿಕೊಂಡು ನಿಂತಿದೆ, ಮುಚ್ಚಿಡುವ ಬುದ್ಧಿ ಅದಕ್ಕಿಲ್ಲ. ಮೆಕ್ಯಾನಿಕ್ ಕೆಳಗೆ ನಿಂತು ಒಂದು ಕಪ್ಪು ಕೇಬಲ್ಲನ್ನು ಬೆರಳಿನಿಂದ ಎಳೆಯುತ್ತಾನೆ, ಅದು ಮುದುಕಿಯ ಕಿವಿಯ ಹಾಗೆ ಜೋತುಬೀಳುತ್ತದೆ, ನೋಡಿ ಸಾರ್, ಎಳೆದೆಳೆದು ಉದ್ದ ಆಗಿಹೋಗಿದೆ, ಒಳಗಿನ ತಂತಿ ಅರ್ಧಕ್ಕರ್ಧ ಕಿತ್ತಿದೆ, ಬ್ರೇಕ್ ಶೂ ಸವೆದು ಹಪ್ಪಳ ಆಗಿದೆ, ಈ ಹ್ಯಾಂಡ್ ಬ್ರೇಕು ಇದ್ದೂ ಇಲ್ಲದ ಹಾಗೆ, ಎಷ್ಟು ದಿನದಿಂದ ಹೀಗಿದೆ? ನಾಲ್ಕು ತಿಂಗಳು. ನಾಲ್ಕು ತಿಂಗಳು ಏನ್ ಮಾಡ್ತಿದ್ರಿ ಸಾರ್? ಮರ ಇಡ್ತಿದ್ವಿ. ಮೆಕ್ಯಾನಿಕ್ ತಲೆಯೆತ್ತಿ ಅವನನ್ನೊಮ್ಮೆ ನೋಡಿ ಮತ್ತೆ ಕೇಬಲ್ಲಿಗೆ ಕೈಹಾಕಿದ, ಬೈದಿದ್ದರೆ ಚೆನ್ನಾಗಿತ್ತು, ಬೈಸಿಕೊಂಡರೆ ಸ್ವಲ್ಪ ಹಗುರವಾಗುತ್ತದೆ, ಈ ಮೂರು ವಾರದಲ್ಲಿ ಅವನನ್ನು ಯಾರೂ ಬೈದಿಲ್ಲ.

ಮರ ಎಂದರೆ ಬರಿಯ ಮರವಲ್ಲ, ಸಾಗುವಾನಿಯ ತುಂಡು, ಫೋಟೋಗಳಿಗೆ ಫ್ರೇಮ್ ಕಟ್ಟುವ ತನ್ನ ಅಂಗಡಿಯಲ್ಲಿ ಅವನೇ ಅಳೆದು, ಓರೆಯಾಗಿ ಕೊಯ್ದು, ಮರಳು ಕಾಗದದಿಂದ ಉಜ್ಜಿ ಮಾಡಿದ್ದು, ಗಾಲಿಯ ಬಾಗಿಗೆ ಹಲ್ಲಿಗೆ ವಸಡು ಕೂಡಿದ ಹಾಗೆ ಕೂಡುತ್ತಿತ್ತು, ತಪ್ಪಿ ಎಲ್ಲಾದರೂ ಬಿಟ್ಟುಬಿಡಬಾರದೆಂದು ಅವನ ಹೆಂಡತಿ ಅದಕ್ಕೆ ಕೆಂಪು ಬಣ್ಣ ಬಳಿದಳು, ತೂತು ಕೊರೆಸಿ ದಾರ ಕಟ್ಟಿದಳು, ಅಳಿಯ ಎಂದು ಹೆಸರಿಟ್ಟಳು — ಯಾಕೆ ಅಳಿಯ? ಕೂರಿಸಿದ ಕಡೆಯಿಂದ ಏಳೋದಿಲ್ಲವಲ್ಲ, ಅದಕ್ಕೆ. ಹೆಣ್ಣುಮಕ್ಕಳಿಲ್ಲದ ಮನೆ, ಹಾಗಾಗಿ ಬೇಸರ ಮಾಡಿಕೊಳ್ಳುವ ಅಳಿಯನೂ ಇರಲಿಲ್ಲ, ದಿನಾ ಸಂಜೆ ಅದೇ ತಮಾಷೆ, ಅಳಿಯಂದಿರನ್ನ ಕರ್ಕೊಂಡ್ಯಾ, ಅಳಿಯಂದಿರು ಕೂತ್ರಾ. ಮನೆ ಇರುವುದು ಏರಿನಲ್ಲಿ, ಗೇರಿನಲ್ಲಿ ನಿಲ್ಲಿಸಿದರೂ ಆ ಹಳೆಯ ಎಂಜಿನ್ನು ಒಂದೊಂದು ಗೇಣು ಹಿಂದಕ್ಕೆ ಜಾರುವುದೇ, ಆದ್ದರಿಂದ ಕ್ರಮ ಹೀಗೆ — ಅವನು ಬ್ರೇಕಿನ ಮೇಲೆ ಕಾಲಿಟ್ಟು ಕೂತಿರಬೇಕು, ಅವಳು ಇಳಿದು ಹಿಂದೆ ಹೋಗಿ ಎಡಗಾಲಿಯ ಹತ್ತಿರ ಕುಕ್ಕರುಗಾಲಿನಲ್ಲಿ ಕೂತು ಮರ ಇಡಬೇಕು, ಎದ್ದು ಡಿಕ್ಕಿಯ ಮೇಲೆ ಎರಡು ಸಲ ತಟ್ಟಬೇಕು, ತಟ್ಟಿದ ಮೇಲೆ ಅವನು ಕಾಲು ತೆಗೆಯಬೇಕು. ರಿಪೇರಿ ಮಾಡಿಸಬಹುದಿತ್ತು, ಮಾಡಿಸೋಣ ಎಂದು ಅವಳೂ ಅಂದಿದ್ದಳು, ಆದರೆ ಅಳಿಯ ಅಷ್ಟು ಚೆನ್ನಾಗಿ ಕೂರುತ್ತಿದ್ದ, ತನ್ನ ಕೈಕೆಲಸದ ಮೇಲೆ ಅವನಿಗೆ ಅಷ್ಟು ಜಂಬ, ಮುಂದಿನ ವಾರ ಮುಂದಿನ ವಾರ ಎನ್ನುತ್ತಲೇ ನಾಲ್ಕು ತಿಂಗಳು ಕಳೆಯಿತು. ತಟ್ಟುವುದಂತೂ ಅವಳಿಗೆ ಹೇಳಿಕೊಡಬೇಕಾದ ವಿಷಯವೇ ಅಲ್ಲ, ಲ್ಯಾಬಿನಲ್ಲಿ ರಕ್ತ ತೆಗೆಯುವವಳು, ತೋಳಿಗೆ ಪಟ್ಟಿ ಬಿಗಿದು ಎರಡು ಬೆರಳಲ್ಲಿ ಮೆಲ್ಲಗೆ ಎರಡು ಸಲ ತಟ್ಟಿದರೆ ಅಡಗಿ ಕೂತ ನರ ಎದ್ದುಬರುತ್ತದೆ, ಇಪ್ಪತ್ತೆರಡು ವರ್ಷದಿಂದ ಎಷ್ಟು ತೋಳು, ಸೊಳ್ಳೆ ಕಚ್ಚಿದಷ್ಟೂ ಗೊತ್ತಾಗಲಿಲ್ಲ ಎಂದವರೇ ಎಲ್ಲ, ಮಕ್ಕಳು ಅವಳನ್ನು ಕರೆಯುವುದೇ ಸೊಳ್ಳೆ ಅಕ್ಕ, ಬೇರೆಯವರು ಸೂಜಿ ಹಿಡಿದು ಬಂದರೆ ಊರು ಒಂದು ಮಾಡುವ ಹುಡುಗಿಯರು ಸೊಳ್ಳೆ ಅಕ್ಕನೇ ಬೇಕು ಎಂದು ಬೆಂಚಿನಲ್ಲಿ ಕಾದು ಕೂರುತ್ತಾರೆ.

ಏನು ನಿಮ್ಮ ಗಾಡಿಗೆ, ಎಂದು ಪಕ್ಕದ ಕುರ್ಚಿಯಿಂದ ಕೇಳುತ್ತಿದ್ದಾರೆ, ಯಾವುದೋ ಶಾಲೆಯ ಹೆಡ್‌ಮಿಸ್ಸಂತೆ, ಕೈಯಲ್ಲಿ ಕಾಫಿ ಲೋಟ, ಅವರ ನೀಲಿ ಕಾರು ಆ ಮೂಲೆಯಲ್ಲಿ ಮೂತಿ ಜಜ್ಜಿಸಿಕೊಂಡು ನಿಂತಿದೆ. ಹ್ಯಾಂಡ್ ಬ್ರೇಕ್ ಹಿಡೀತಿರಲಿಲ್ಲ ಮೇಡಂ. ನಂದು ಕಾಲಿನ ಬ್ರೇಕು, ಎಂದರು ಅವರು, ಎಣ್ಣೆ ಸೋರ್ತಿತ್ತು, ಸ್ಟೇರಿಂಗ್ ಮುಂದೆ ಒಂದು ಕೆಂಪು ದೀಪ ಹತ್ತಿಕೊಳ್ತು, ಕಣ್ಣಿಗೆ ಚುಚ್ಚುತ್ತೆ ಅಂತ ಅದರ ಮೇಲೆ ಒಂದು ಸ್ಟಿಕ್ಕರ್ ಅಂಟಿಸಿದೆ ನೋಡಿ, ಎರಡು ವಾರ, ಮೊನ್ನೆ ಬೆಳಿಗ್ಗೆ ಮಕ್ಕಳೆಲ್ಲ ಸಾಲಾಗಿ ನಿಂತಿದ್ದಾರೆ, ನಾನು ಒಳಗೆ ಬಂದೆ, ಕಾಲು ಒತ್ತಿದ್ರೆ ಬೆಣ್ಣೆ ಒತ್ತಿದ ಹಾಗೆ ಒಳಗೆ ಹೋಯ್ತು, ಸೀದಾ ಹೋಗಿ ಕೈತೋಟದ ಗೋಡೆಗೆ, ಐನೂರು ಮಕ್ಕಳ ಮುಂದೆ. ಅಯ್ಯೋ, ಆಮೇಲೆ? ಆಮೇಲೇನು, ಮೈಕ್ ತಗೊಂಡೆ, ಮಕ್ಕಳೇ ಇದು ನನ್ನದೇ ತಪ್ಪು, ದೀಪ ಕಾಣ್ತಿತ್ತು, ನಾನು ಮುಚ್ಚಿದೆ ಅಂದೆ, ಅಷ್ಟೇ. ಅಷ್ಟೇ ಎನ್ನುತ್ತಾ ಕಾಫಿಯ ಕೊನೆಯ ಗುಟುಕು ಕುಡಿದರು, ಮಗುವಿನ ಹಾಲುಹಲ್ಲು ಬಿದ್ದ ಸುದ್ದಿ ಹೇಳಿದಷ್ಟು ಸಲೀಸಾಗಿ, ಅವರಿಗೆ ಐನೂರು ಜನರ ಮುಂದೆ ಬಾಯಿಗೆ ಬಂದದ್ದು, ಅವನಿಗೆ ಒಬ್ಬಳ ಮುಂದೆ ಬರಲಿಲ್ಲವಲ್ಲ — ಹ್ಯಾಂಡ್ ಬ್ರೇಕ್ ಹಿಡೀತಿರಲಿಲ್ಲ, ಇದು ಸುಳ್ಳಲ್ಲ, ಡಾಕ್ಟರಿಗೂ ಇದನ್ನೇ ಹೇಳಿದ, ಅಕ್ಕಪಕ್ಕದವರಿಗೂ ಇದನ್ನೇ, ಸುಳ್ಳಲ್ಲದ ಮಾತು ಎಷ್ಟು ಚೆನ್ನಾಗಿ ಅಡ್ಡ ಕೂರುತ್ತದೆ.

ನಿಜ ಏನೆಂದರೆ ಅವಳು ತಟ್ಟಲಿಲ್ಲ. ಮೊದಲ ವಾರ ಅವನು ತಟ್ಟುವುದಕ್ಕೇ ಕಾದ, ಕನ್ನಡಿಯಲ್ಲಿ ಕಣ್ಣಿಟ್ಟು ಕೂತ, ಅವಳ ತಲೆ ಹಿಂದಿನ ಗಾಜಿನಿಂದ ಕೆಳಗೆ ಇಳಿಯುತ್ತದೆ, ಗಾಜು ಖಾಲಿ, ಆಮೇಲೆ ಒಂದು ಕೈ ಮೇಲೆ ಬರುತ್ತದೆ, ಟಪ್ ಟಪ್ — ಸುಮ್ಮನೆ ಕೂತವನಿಗೆ ಎಣಿಸುವ ಚಾಳಿ, ತಲೆ ಇಳಿದದ್ದರಿಂದ ಕೈ ಬರುವವರೆಗೆ ಏಳು, ಎಣಿಸಿದಾಗಲೆಲ್ಲ ಏಳು, ಅವಳ ಕೆಲಸ ಅಷ್ಟು ನಿಖರ, ಆಮೇಲಾಮೇಲೆ ಅವನು ಕನ್ನಡಿ ನೋಡುವುದನ್ನು ಬಿಟ್ಟ, ಒಂದು ಎರಡು ಮೂರು, ಏಳಕ್ಕೆ ಕಾಲು ಎತ್ತುವುದು, ಅದೇ ಹೊತ್ತಿಗೆ ಟಪ್ ಟಪ್, ತಾಳ ಹಾಕಿದ ಹಾಗೆ, ಒಂದು ದಿನವೂ ತಪ್ಪಲಿಲ್ಲ. ಮೂರು ವಾರದ ಹಿಂದೆ, ಆ ದಿನ, ದಾರ ಗಂಟುಬಿದ್ದಿತ್ತಂತೆ, ಗಂಟು ಮರದಡಿಗೆ ಸಿಕ್ಕು ಮರ ಅಲುಗಾಡುತ್ತಿತ್ತು, ಅವಳು ಅದನ್ನು ಮತ್ತೆ ಹೊರಗೆಳೆದು ಸರಿಮಾಡುತ್ತಿದ್ದಳು, ಅವನ ತಲೆಯಲ್ಲಿ ಅಂಗಡಿಯಲ್ಲಿ ಬಿರುಕುಬಿಟ್ಟ ಒಂದು ಗಾಜಿನ ಯೋಚನೆ, ಐದು, ಆರು, ಏಳು, ಕಾಲು ಎತ್ತಿದ. ಕಾರು ಜಾರಿದ್ದು ಒಂದೇ ಗೇಣು. ಕನ್ನಡಿಯ ಕಡೆ ಆಗ ನೋಡಿದ, ಗಾಜು ಖಾಲಿ, ಕೈ ಇಲ್ಲ. ಕೂಗಲಿಲ್ಲ ಅವಳು, ರೀ, ಎಂದಳು, ಒಲೆ ಆರಿಸಿ ಎನ್ನುವಷ್ಟೇ ದನಿಯಲ್ಲಿ, ರೀ, ಸ್ವಲ್ಪ ಮುಂದೆ ತಗೊಳ್ಳಿ. ಎಂಜಿನ್ ಶುರುಮಾಡಿ ಮುಂದೆ ತೆಗೆದುಕೊಂಡ, ಅವಳ ಬಲಗೈಯ ಎರಡು ಬೆರಳು, ತಟ್ಟುವ ಅದೇ ಎರಡು, ಮರಕ್ಕೂ ಗಾಲಿಗೂ ನಡುವೆ.

ಡಾಕ್ಟರ್ ಹೇಗಾಯ್ತು ಎಂದು ಕೇಳಿದಾಗ ಅವನು ಬಾಯಿ ತೆರೆದಿದ್ದ, ತೆರೆದಿದ್ದನೇ, ಹೌದು, ಹ್ಯಾಂಡ್ ಬ್ರೇಕ್ ಹಿಡೀತಿರಲಿಲ್ಲ ಎನ್ನುವಷ್ಟು ತೆರೆದಿದ್ದ, ಉಳಿದದ್ದನ್ನು ಅವಳೇ ಹೇಳಿದಳು, ನಾನೇ ತಟ್ಟಿರಬೇಕು ಡಾಕ್ಟ್ರೇ, ಮರ ಇಡೋಕ್ಕೆ ಮುಂಚೆನೇ ಕೈ ಅಭ್ಯಾಸಕ್ಕೆ ತಟ್ಟಿಬಿಟ್ಟಿದೆ, ನಂಗೇ ನೆನಪಿಲ್ಲ, ಇವರಂತೂ ತಟ್ಟದೆ ಕಾಲು ತೆಗೆಯೋರಲ್ಲ. ಮೊದಲ ದಿನ ಹೇಳಬಹುದಿತ್ತು, ನೋವಿನಲ್ಲಿದ್ದಾಳೆ ಎಂದುಕೊಂಡ, ಎರಡನೇ ದಿನ ನಿದ್ದೆ ಬಂದಿದೆ ಎಂದುಕೊಂಡ, ವಾರ ಕಳೆದ ಮೇಲೆ ಇಷ್ಟು ದಿನ ಯಾಕೆ ಹೇಳಲಿಲ್ಲ ಎನ್ನುವುದೇ ಮೊದಲ ತಪ್ಪಿಗಿಂತ ದೊಡ್ಡದಾಯಿತು, ಬೆಳಿಗ್ಗೆ ಅವಳ ಜಡೆ ಹೆಣೆದ, ಅನ್ನ ಕಲಸಿ ಕೊಟ್ಟ, ಪಾತ್ರೆ ತೊಳೆದ, ಎಂಥ ಗಂಡ ನೋಡು ಎಂದು ಪಕ್ಕದ ಮನೆಯ ಅಜ್ಜಿ ಹೊಗಳಿದರು. ಅಷ್ಟೇ ಆಗಿದ್ದರೆ ಹೇಗೋ ನುಂಗಿಕೊಂಡು ಬಾಳುತ್ತಿದ್ದನೇನೋ, ಆದರೆ ಹೋದ ಭಾನುವಾರ ಅವಳು ಎಡಗೈಯಲ್ಲಿ ಪೆನ್ನು ಹಿಡಿದು ಕೂತಳು. ಏನದು? ಲ್ಯಾಬಿನ ದೊಡ್ಡ ಡಾಕ್ಟರಿಗೆ ಕಾಗದ, ಇನ್ನು ನನ್ನನ್ನ ಹೆಸರು ಬರೆಯೋ ಕೌಂಟರಿಗೆ ಹಾಕಿ ಅಂತ. ಯಾಕೆ, ಬೆರಳು ಸರಿಹೋಗುತ್ತೆ ಅಂದಿದ್ದಾರಲ್ಲ. ಬೆರಳು ಸರಿಹೋಗುತ್ತೆ ರೀ, ನಂಬಿಕೆ? ನನಗೆ ಗೊತ್ತಿಲ್ಲದೆ ನನ್ನ ಕೈ ತಟ್ಟಿದೆ, ನಾಳೆ ನನಗೆ ಗೊತ್ತಿಲ್ಲದೆ ಯಾವ ಮಗುವಿನ ತೋಳಿಗೆ ಏನು ಚುಚ್ಚುತ್ತೋ, ಇಂಥ ಕೈ ಇಟ್ಕೊಂಡು ಆ ಕೆಲಸ ಮಾಡಬಾರದು. ಇರುವೆ ಸಾಲಿನಂಥ ಡೊಂಕು ಅಕ್ಷರ, ಎರಡು ದಿನ ಬರೆದಳು, ತಪ್ಪಿದ್ದರೆ ನೋಡಿ ಎಂದು ಅವನ ಕೈಗೆ ಕೊಟ್ಟಳು, ಅವನು ಓದಿದ, ಎರಡು ಕಡೆ ಒತ್ತಕ್ಷರ ತಿದ್ದಿದ, ಮಡಿಸಿ ವಾಪಸು ಕೊಟ್ಟ. ಕಾಗದದಲ್ಲಿದ್ದ ದೊಡ್ಡ ತಪ್ಪನ್ನು ಹಾಗೇ ಬಿಟ್ಟು ಒತ್ತಕ್ಷರ ತಿದ್ದಿದ, ತನ್ನ ಬಗ್ಗೆ ಅವನಿಗೆ ನಿಜವಾಗಿ ಹೇಸಿಗೆಯಾದದ್ದು ಆಗ.

ಮುಗೀತು ಸಾರ್, ಹೊಸ ಕೇಬಲ್, ಹೊಸ ಶೂ, ಬನ್ನಿ ಎಳೆದು ನೋಡಿ. ಎಳೆದ, ಕಟಕಟಕಟ, ಹಲ್ಲುಚಕ್ರದ ಐದು ಹಲ್ಲು, ಗಟ್ಟಿ. ಇನ್ನು ಆ ಮರ ಗಿರ ಎಲ್ಲ ಬಿಟ್ಟುಬಿಡಿ, ಕೈಯಿಂದ ಆಗೋದಕ್ಕೆ ಮನೆಯವರನ್ನ ಯಾಕೆ ಇಳಿಸ್ತೀರಿ. ಹೂಂ. ಫೋನು ಜೇಬಿನಲ್ಲಿ ಕುಣಿಯುತ್ತಿದೆ, ಅವಳೇ, ಮೂಳೆ ಡಾಕ್ಟರ ಬಳಿಗೆ ಬೆಳಿಗ್ಗೆ ಬಸ್ಸಿನಲ್ಲಿ ಹೋಗಿದ್ದಾಳೆ, ಕಟ್ಟು ಬಿಚ್ಚಿದ್ರು ರೀ, ಬೆರಳು ಬಗ್ಗುತ್ತೆ, ಬನ್ನಿ, ಹಾಗೇ ಲ್ಯಾಬಿಗೆ ಬಿಟ್ಟುಬಿಡಿ, ದೊಡ್ಡ ಡಾಕ್ಟರ್ ಒಂದು ಗಂಟೆವರೆಗೆ ಮಾತ್ರ ಇರ್ತಾರಂತೆ, ಕಾಗದ ಕೊಟ್ಟುಬಿಡ್ತೀನಿ. ಅಂದರೆ ಇವತ್ತೇ, ಲ್ಯಾಬಿನ ಬಾಗಿಲಿಗೆ ಮುಂಚೆ ಹೇಳಿದರೆ ಹೇಳಿದ, ಇಲ್ಲವಾದರೆ ಅವಳು ಇಪ್ಪತ್ತೆರಡು ವರ್ಷದ ಕೈಯನ್ನು ಕೊಟ್ಟು ಒಂದು ಕುರ್ಚಿ ತೆಗೆದುಕೊಂಡು ಬರುತ್ತಾಳೆ, ಅವನು ಆ ಕುರ್ಚಿಯ ಜೊತೆ ಬಾಳಬೇಕು. ರಸ್ತೆ, ಬೇಕರಿ, ಔಷಧಿ ಅಂಗಡಿ, ಸಿಗ್ನಲ್ಲು, ಮೊದಲು ಏನೆನ್ನಬೇಕು, ನೋಡೇ ಎನ್ನಬೇಕೇ, ಒಂದು ವಿಷಯ ಎನ್ನಬೇಕೇ, ಒಂದು ವಿಷಯ ಎಂದರೆ ಹೆದರುತ್ತಾಳೆ, ಮೆಟ್ಟಿಲ ಮೇಲೆ ಅವಳು ನಿಂತಿದ್ದಾಳೆ, ಬೆರಳೆರಡೂ ಬೆಳ್ಳಗೆ, ಬಿಸಿಲು ಕಾಣದ ಗಿಡದ ಹಾಗೆ, ಕೂತವಳೇ ಅವನ್ನು ಅವನ ಕಣ್ಣ ಮುಂದೆ ಬಗ್ಗಿಸಿ ತೋರಿಸಿದಳು, ನಗುತ್ತಿದ್ದಳು, ಅವಳ ಮೇಲೆ ಅವನಿಗೆ ಎಷ್ಟು ಪ್ರೀತಿ ಬಂತೆಂದರೆ ಬಾಯಿ ಇನ್ನೂ ಕಟ್ಟಿಹೋಯಿತು. ಗ್ಯಾರೇಜಿನಲ್ಲಿ ಏನಂದ್ರು? ಹೊಸ ಕೇಬಲ್ ಹಾಕಿದ್ರು. ಅಂದ್ರೆ ಅಳಿಯನಿಗೆ ರಜಾ. ಹೂಂ. ಯಾಕ್ರೀ, ಮುಖ ಹೀಗೆ? ಏನಿಲ್ಲ, ಬಿಸಿಲು.

ಲ್ಯಾಬಿನ ಮುಂದೆ ರಸ್ತೆ ಏರು, ಎದುರು ಬದಿಗೆ ಬಾಗಿಲು, ಜಾಗ ಸಿಗದೆ ಬಾಗಿಲು ದಾಟಿ ನಾಲ್ಕು ಮಾರು ಮುಂದೆ ನಿಲ್ಲಿಸಿದ, ಬ್ರೇಕ್ ಒತ್ತಿ ಹಿಡಿದ, ಹ್ಯಾಂಡ್ ಬ್ರೇಕ್ ಎಳೆದ, ಐದು ಹಲ್ಲು, ಕಾರು ನಿಂತಿದೆ, ಆದರೂ ಕಾಲು ಏಳುತ್ತಿಲ್ಲ. ಕಾಲು ತೆಗೀರಿ, ಈಗ ಹಿಡಿಯುತ್ತಲ್ಲ, ಎಂದಳು. ಅವನು ಮುಂದಿನ ಗಾಜನ್ನು ನೋಡಿಕೊಂಡು ಹೇಳಿದ, ಆ ದಿನ ನೀನು ತಟ್ಟಲಿಲ್ಲ. ಅವಳ ಕೈ ಬಾಗಿಲ ಹಿಡಿಯ ಮೇಲಿತ್ತು, ಅಲ್ಲೇ ಉಳಿಯಿತು. ಏನಂದ್ರಿ? ನಿನ್ನ ಕೈ ತಟ್ಟಲಿಲ್ಲ, ನಿನ್ನ ಕೈ ಯಾವ ತಪ್ಪೂ ಮಾಡಲಿಲ್ಲ, ನಾನು ಏಳು ಎಣಿಸಿ ಕಾಲು ತೆಗೆದೆ. ಏಳು ಅಂದ್ರೆ? ನೀನು ಕೂತು ಏಳೋಕೆ ಏಳು ಎಣಿಸೋಷ್ಟು ಹೊತ್ತು, ಅದನ್ನ ಎಣಿಸಿ ತೆಗೀತಿದ್ದೆ. ಆ ದಿನ? ಆ ದಿನ. ಆ ದಿನ ಮಾತ್ರವಾ? ಇಲ್ಲ ಎನ್ನಲು ಇಷ್ಟೊಂದು ಉಸಿರು ಯಾಕೆ ಬೇಕು, ಇಲ್ಲ, ಎರಡನೇ ವಾರದಿಂದ. ಅವಳು ಲೆಕ್ಕ ಹಾಕುತ್ತಿಲ್ಲ, ನೋಡುತ್ತಿದ್ದಾಳೆ, ಅವಳು ನೋಡುತ್ತಿರುವುದು ಅವನಿಗೂ ಕಾಣುತ್ತಿದೆ, ನಾಲ್ಕು ತಿಂಗಳ ಸಂಜೆಗಳು, ಪ್ರತಿ ಸಂಜೆ ಎದ್ದು ತಟ್ಟುವ ಒಬ್ಬಳು, ಆಗಲೇ ಕಾಲು ಎತ್ತಿ ಕೂತ ಒಬ್ಬ. ಹಾಗಾದ್ರೆ ನಾನು ತಟ್ಟಿದ್ದೆಲ್ಲ, ಎಂದಳು, ಮುಗಿಸಲಿಲ್ಲ. ಬಯ್ಯಲಿ, ಅಳಲಿ, ಎರಡು ಏಟು ಬಿಡಲಿ ಎಂದುಕೊಂಡ, ಅವಳು ಚೀಲದಿಂದ ಕಾಗದ ತೆಗೆದಳು, ಇನ್ನೊಮ್ಮೆ ಆ ಎರಡು ಬೆರಳನ್ನು ಬಗ್ಗಿಸಿದಳು, ನೆಟ್ಟಗೆ ಮಾಡಿದಳು, ಕಾಗದವನ್ನು ಸೀಟಿನ ಮೇಲೆ ಬಿಟ್ಟು ಇಳಿದಳು, ಬಾಗಿಲನ್ನು ಮೆಲ್ಲಗೆ ಮುಚ್ಚಿದಳು. ಕಾರಿನ ಹಿಂದಿನಿಂದ ಹೋಗಿದ್ದರೆ ಲ್ಯಾಬಿನ ಬಾಗಿಲು ಹತ್ತಿರ, ಅವಳು ಮುಂದಿನಿಂದ ಬಳಸಿಕೊಂಡು ಹೋದಳು, ಅವನ ಕಡೆ ನೋಡದೆ, ಬಂಪರಿನಿಂದ ದೂರ ಬಿಟ್ಟು, ರಸ್ತೆ ದಾಟಿ, ಕೆಳಗೆ ನಡೆದು, ಒಳಗೆ. ಸೂಜಿ ಹಿಡಿಯುತ್ತಾಳೆ, ಅದೊಂದು ಉಳಿಯಿತು, ಉಳಿಯಿತಲ್ಲ, ಸಂಜೆ ಕರೆದುಕೊಂಡು ಹೋಗಲು ಎಷ್ಟು ಹೊತ್ತಿಗೆ ಬರಲಿ ಎಂದು ಕೇಳಲಿಲ್ಲ, ಅವಳೂ ಹೇಳಲಿಲ್ಲ, ಬಸ್ಸಿನಲ್ಲಿ ಬರುತ್ತಾಳೋ, ಹ್ಯಾಂಡ್ ಬ್ರೇಕು ಹಿಡಿದಿದೆ, ಐದು ಹಲ್ಲು, ಕಾಲು ತೆಗೆಯಬಹುದು, ತೆಗೆಯಬಹುದು, ಅವನು ಎಣಿಸುತ್ತಿಲ್ಲ, ಕಾಯುತ್ತಿದ್ದಾನೆ, ಕನ್ನಡಿಯಲ್ಲಿ ಹಿಂದಿನ ಗಾಜು, ಗಾಜಿನಲ್ಲಿ ಕೆಳಗಿಳಿಯುವ ರಸ್ತೆ, ಒಂದು ಗೋಡೆ, ಬಿಸಿಲು — ಕೈ ಇಲ್ಲ.