ಪರಸಪ್ಪ ಟಾಕಿಗಿಳಿದದ್ದು

ನಾಲತವಾಡದ ಸುತ್ತಿನ ಊರುಗಳಲ್ಲಿ ಬಾವಿಗೆ ಏನು ಬಿದ್ದರೂ ಪರಸಪ್ಪನಿಗೇ ಕರೆ ಬರುತ್ತಿತ್ತು. ಕೊಡ, ಪಂಪಿನ ತುಂಡು, ಮದುವೆ ಮನೆಯ ಹಂಡೆ, ಎರಡು ಸಲ ಮನುಷ್ಯರು. ಎದೆ ತುಂಬ ಉಸಿರು ಕಟ್ಟಿ ಮುಳುಗಬೇಕು, ಕೆಸರಿನಲ್ಲಿ ಕೈಯಾಡಿಸಬೇಕು, ಸಿಕ್ಕಿದ್ದನ್ನು ಅವಚಿಕೊಂಡು ಮೇಲೆ ಬರಬೇಕು. ಮೂವತ್ತು ವರ್ಷ ಇದೇ ಕೆಲಸ. ಆದರೂ ನೀರಿನ ತಳದಲ್ಲಿ ಒಂದು ಗಳಿಗೆ ಸುಮ್ಮನೆ ಕೂತು ಸುತ್ತಮುತ್ತ ನೋಡಿದವನಲ್ಲ ಅವನು. ಅಷ್ಟು ಉಸಿರು ಯಾರ ಎದೆಯಲ್ಲಿರುತ್ತದೆ?

ಎರಡು ಸಾವಿರದ ಒಂದರ ಬೇಸಿಗೆಯಲ್ಲಿ ಆಲಮಟ್ಟಿ ಅಣೆಕಟ್ಟೆಯ ಗೇಟುಗಳನ್ನು ನೀರಿನೊಳಗಿಂದ ನೋಡಲು ಕಾಂತು ಎಂಬ ಮುಳುಗುಗಾರ ಬಂದ. ಬಾಗೇವಾಡಿಯವನೇ, ಹದಿನೈದು ವರ್ಷ ನೌಕಾದಳದಲ್ಲಿ ಇದ್ದು ಬಂದವನು. ಅವನ ಸಾಮಾನು ತೊಳೆಯುವ ಐದು ದಿನದ ಕೆಲಸ ಪರಸಪ್ಪನಿಗೂ ಅವನ ಹೆಂಡತಿ ಕಾಶಿಬಾಯಿಗೂ ಸಿಕ್ಕಿತು.

ಮೊದಲ ದಿನವೇ ಕಾಶಿಬಾಯಿ ಕಾಂತುವಿನ ಕರಿ ರಬ್ಬರಿನ ಅಂಗಿಯನ್ನು ಕಲ್ಲಿಗೆ ಬಡಿಯಲು ಎತ್ತಿದಳು. ಕಾಂತು ಓಡಿ ಬಂದ.

"ಕಾಕಿ, ಅದನ್ನ ಒಗೀಬ್ಯಾಡ್ರಿ. ಜಳಕ ಮಾಡಸ್ರಿ."

"ಹಂಗಂದ್ರ ಬೆನ್ನೂ ತಿಕ್ಕಲೇನ್ರಿ?" ಎಂದಳು ಅವಳು, ನಗದೆ.

ಆಮೇಲೆ ಕಾಂತು ಕೂತು ಎಲ್ಲ ತೋರಿಸಿದ. ಅಂಗಿಯ ಒಳಮೈ ಹೊರಗೆ ಮಾಡಿ, ಬೋರಿನ ಸಿಹಿನೀರಿನಲ್ಲಿ ಅದ್ದಿ, ನೆರಳಿನಲ್ಲಿ ತೂಗುಹಾಕಬೇಕು. ಗಾಳಿ ತುಂಬುವ ಜಾಕೀಟಿನೊಳಗೂ ನೀರು ಹಾಕಿ ಕುಲುಕಿ ಚೆಲ್ಲಬೇಕು. ಕೊನೆಗೆ ಉಸಿರಿನ ಕೊಳವೆ. ಒಂದು ತುದಿ ಸಿಲಿಂಡರಿಗೆ ಸೇರುವಂಥದ್ದು, ಇನ್ನೊಂದು ಬಾಯಲ್ಲಿ ಕಚ್ಚುವಂಥದ್ದು.

"ಕಾಕಾ, ಮೊದಲ ಸಿಲಿಂಡರ್ ಕಡೀ ತುದೀಗೆ ಈ ಬೂಚು ಹಾಕ್ರಿ. ಆಮ್ಯಾಲ ನೀರು. ಒಂದ ಹನಿ ಒಳಗ ಹೋದ್ರ ಇದು ಕೆಡತೈತಿ. ಇದು ಕೆಟ್ರ ನಾ ಕೆಳಗ ಉಳೀತೇನಿ."

ಆ ಮಾತು ಪರಸಪ್ಪನ ಕೈಯೊಳಗೆ ಇಳಿಯಿತು. ಹೊಳೆಯ ರಾಡಿಯನ್ನು ಮೆತ್ತಗಿನ ಬ್ರಶ್ಶಿನಿಂದ ಬಿಡಿಸುವಾಗ ಹೆಬ್ಬೆರಳಿನಷ್ಟು ದಪ್ಪದ ಆ ಕೊಳವೆಯನ್ನು ಹೊರಳಿಸಿ ಹೊರಳಿಸಿ ನೋಡುತ್ತಿದ್ದ. ಇಷ್ಟೇ ಇಷ್ಟು. ಇದರೊಳಗೆ ಹಾದು ಗಾಳಿ ಹೊಳೆಯ ತಳಕ್ಕೆ ಹೋಗುತ್ತದೆ.

ದಿನಾ ತೊಳೆದಾದ ಮೇಲೆ ಕಾಂತು ಅದನ್ನು ಸಿಲಿಂಡರಿಗೆ ಜೋಡಿಸಿ, ಬಕೀಟಿನ ನೀರಿನಲ್ಲಿಟ್ಟು ಎಲ್ಲಾದರೂ ಗುಳ್ಳೆ ಸೋರುತ್ತದೋ ಎಂದು ನೋಡುತ್ತಿದ್ದ. ಆಮೇಲೆ ಬಾಯಿಗಿಟ್ಟು ಎರಡು ಸಲ ಉಸಿರೆಳೆದು ನೋಡುತ್ತಿದ್ದ. ಆ ಎರಡು ಉಸಿರಿನ ಹೊತ್ತಿಗೆ ಪರಸಪ್ಪ ಕೈಯಲ್ಲಿದ್ದ ಕೆಲಸ ಬಿಟ್ಟು ನಿಲ್ಲುತ್ತಿದ್ದ. ನನಗೂ ಒಂದು ಸಲ ಕೊಡ್ರಿ ಎನ್ನಲು ಅವನಿಗೆ ನಾಲಗೆ ಹೊರಳಲಿಲ್ಲ. ಹಾಗೇ ನಾಲ್ಕು ದಿನ ಹೋದವು. ಐದನೆಯ ದಿನ ಕೆಲಸ ಮುಗಿದು, ಸಾಮಾನು ಒಯ್ಯುವ ಜೀಪು ಬಂದು ನಿಂತಿತು.

ಕಾಶಿಬಾಯಿಯೇ ಬಾಯಿ ಬಿಟ್ಟಳು. "ಸಾಹೇಬ್ರ, ಇವರು ಐದ ದಿನದಿಂದ ಆ ರಬ್ಬರ ತುಂಡನ್ನ ಕನ್ಯಾ ನೋಡಾಕ ಬಂದವ್ರಂಗ ನೋಡಾಕತ್ತಾರ. ಒಂದ್ಸಲ ಬಾಯಾಗ ಇಡ್ರಿ. ಇಲ್ಲಂದ್ರ ಮನ್ಯಾಗ ನನಗ ನೆಮ್ಮದಿ ಇಲ್ಲ."

"ಸುಮ್ಮನಿರ ನೀ," ಎಂದ ಪರಸಪ್ಪ. ಆದರೆ ಅವನ ಕಣ್ಣು ಕಾಂತುವಿನ ಮೋರೆ ಬಿಟ್ಟು ಕದಲಲಿಲ್ಲ.

ಕಾಂತು ಜೀಪನ್ನು ನೋಡಿದ, ಸಿಲಿಂಡರಿನ ಗಾಳಿ ಅಳೆಯುವ ಮುಳ್ಳನ್ನು ನೋಡಿದ. ಸ್ವಲ್ಪ ಗಾಳಿ ಉಳಿದಿತ್ತು.

"ಕಿವಿ, ಎದಿ ಎಲ್ಲಾ ಚಲೋ ಅದಾವೇನ ಕಾಕಾ?"

"ಇಲ್ಲೀ ತನಕಾ ನೆಟ್ಟಗ ಅದಾವ್ರಿ."

"ಬರ್ರಿ ಹಂಗಾದ್ರ."

ಕಾಂತು ಇಳಿದುಕೊಂಡಿದ್ದ ಕ್ವಾರ್ಟರ್ಸಿನ ಹಿಂದೆ ನೀರು ತುಂಬಿಡುವ ಎದೆಮಟ್ಟದ ಸಿಮೆಂಟಿನ ಟಾಕಿಯಿತ್ತು. ಕಾಂತು ಪರಸಪ್ಪನ ಬೆನ್ನಿಗೆ ಸಿಲಿಂಡರು ಏರಿಸಿ, ತಳದಲ್ಲಿ ಕೂರಲು ಭಾರವಾಗಲೆಂದು ಸೊಂಟಕ್ಕೆ ಸೀಸದ ಪಟ್ಟಿ ಬಿಗಿದು, ಕಣ್ಣಿಗೆ ಗಾಜು ಕಟ್ಟಿದ. "ಒಂದ ಮಾತು ನೆನಪಿಡ್ರಿ. ಉಸಿರು ಬಿಗಿ ಹಿಡೀಬಾರ್ದು. ಎಳಕೋಬೇಕು, ಬಿಡಬೇಕು. ಕಟ್ಟಿ ಮ್ಯಾಲ ಕೂತಂಗ."

ಪರಸಪ್ಪ ತಲೆಯಾಡಿಸಿ, ಕೊಳವೆ ಕಚ್ಚಿಕೊಂಡು ಮುಳುಗಿದ. ನೀರು ತಲೆಯ ಮೇಲೆ ಮುಚ್ಚಿತು. ಗುಳ್ಳೆ ಬರಲಿಲ್ಲ. ಒಂದು ನಿಮಿಷವಾಯಿತು. ಕಾಂತು ತಾನೇ ಟಾಕಿಗಿಳಿದು ಅವನ ರಟ್ಟೆ ಹಿಡಿದೆತ್ತಿದ.

"ಯಾಕ ಎಳಕೊಳ್ಳಿಲ್ಲರಿ?"

"ತಲಿಗೆ ಗೊತ್ತೈತ್ರಿ. ಎದಿ ಕೇಳವಲ್ದು."

ಜೀಪಿನವನು ಹಾರ್ನ್ ಹೊಡೆದ. "ಇನ್ನೊಂದ್ಸಲ ಅಷ್ಟ, ಕಾಕಾ," ಎಂದ ಕಾಂತು.

ಪರಸಪ್ಪ ಮತ್ತೆ ಇಳಿದ. ಎದೆ ಮತ್ತೆ ತಾನಾಗಿಯೇ ಬಾಗಿಲು ಹಾಕಿಕೊಂಡಿತು. ಅವನು ಅದರೊಂದಿಗೆ ಜಗಳವಾಡಲಿಲ್ಲ, ಕಾದ. ಪಕ್ಕೆಲುಬು ಉರಿಯತೊಡಗಿದವು. ಪ್ರತಿ ಬಾವಿಯಲ್ಲೂ ಇದೇ ಹೊತ್ತಿಗೆ ಕಾಲು ತಳವನ್ನು ಒದ್ದು ಮೇಲೇಳುತ್ತಿತ್ತು. ಈಗಲೂ ಕಾಲು ಮಿಸುಕಿತು. ಅವನು ಎರಡೂ ಕೈಯಿಂದ ಮೊಣಕಾಲು ಅದುಮಿ ಹಿಡಿದು, ಕಣ್ಣು ಮುಚ್ಚಿ, ಸತ್ತರೆ ಸತ್ತೇ ಎಂದುಕೊಂಡು ಬಾಯಿಂದ ಎಳೆದುಕೊಂಡ.

ಗಾಳಿ ಬಂತು.

ತಣ್ಣನೆಯ, ಒಣ ಗಾಳಿ, ರಬ್ಬರಿನ ವಾಸನೆಯದು. ಮೈಸುತ್ತ ನೀರು, ಒಳಗೆ ಗಾಳಿ. ಬಿಟ್ಟಾಗ ಗುಳ್ಳೆಗಳು ಕಿವಿಯ ಪಕ್ಕದಲ್ಲಿ ಗುಡುಗಿನಂತೆ ಉರುಳಿ ಮೇಲೆ ಹೋದವು. ಮತ್ತೆ ಎಳೆದ, ಮತ್ತೆ ಬಂತು. ಯಾರೂ ಅವಸರ ಮಾಡಲಿಲ್ಲ. ಅವನು ನಿಧಾನವಾಗಿ ಕಣ್ಣು ತೆರೆದ.

ಬಿಸಿಲು ನೀರೊಳಗೆ ಕೋಲು ಕೋಲಾಗಿ ನಿಂತಿತ್ತು. ಪಾಚಿಯ ಎಳೆಗಳು ತೂಗುತ್ತಿದ್ದವು. ಗೋಡೆಯ ಮೇಲೆ ಅಕ್ಕಿಕಾಳಿನಷ್ಟು ಏನೋ ಅಂಟಿಕೊಂಡಿತ್ತು. ಅವನು ನೋಡುತ್ತ ಕೂತ, ಕೂತೇ ಇದ್ದ. ಬಹಳ ಹೊತ್ತಾದ ಮೇಲೆ ಅದು ಕೂದಲೆಳೆಯಷ್ಟು ಸರಿಯಿತು.

ಕಾಂತು ಮೂರು ಸಲ ಭುಜ ತಟ್ಟಿದ ಮೇಲೆ ಪರಸಪ್ಪ ಎದ್ದ. ಗಾಜಿನೊಳಗೆ ಕಣ್ಣು ಕೆಂಪಾಗಿದ್ದವು.

"ಹೆಂಗಿತ್ರಿ ಕಾಕಾ?"

ಪರಸಪ್ಪ ಕೊಳವೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಹೆಂಡತಿಯ ಕಡೆ ತಿರುಗಿ ಹೇಳಿದ.

"ಗ್ವಾಡಿ ಮ್ಯಾಲ ಬಸವನಹುಳ ಐತಿ. ನಡ್ಯಾಕತ್ತಿತ್ತು."

ಕಾಶಿಬಾಯಿ ಸೆರಗು ಸಿಕ್ಕಿಸಿಕೊಂಡು ಟಾಕಿಯ ಅಂಚಿಗೆ ಬಗ್ಗಿದಳು. ಮೇಲಿನಿಂದ ಬರೀ ನೀರು ಕಾಣುತ್ತಿತ್ತು. ಆದರೂ ಅವಳು ಬಗ್ಗಿಯೇ ಇದ್ದಳು, ಜೀಪಿನವನು ಮತ್ತೆ ಹಾರ್ನ್ ಹೊಡೆಯುವವರೆಗೂ.